ಮುಂದಿನ ಕಾಲು ನೆಲ ಮುಟ್ಟಿದಾಗ ಕೈ ಎಲ್ಲಿತ್ತು?

ಹೋದ ಭಾನುವಾರ ನ್ಯೂಜೆರ್ಸಿಯಲ್ಲಿ ನಮ್ಮೂರಿನ ಲೈಬ್ರರಿಯ ಮೀಟಿಂಗ್ ರೂಮಿನಲ್ಲಿ, ಮಕ್ಕಳು ಬೇಸ್‌ಬಾಲ್ ಎಸೆಯುವುದನ್ನು ಫೋನಿನ ವಿಡಿಯೋದಲ್ಲಿ ನೋಡುವುದು ಹೇಗೆ ಅಂತ ಒಂದು ಚಿಕ್ಕ ಉಪನ್ಯಾಸ ಕೊಟ್ಟೆ. ಬಂದಿದ್ದವರೆಲ್ಲ ಹೆಚ್ಚುಕಡಿಮೆ ಕನ್ನಡದ ಅಪ್ಪ ಅಮ್ಮಂದಿರು. ಅವರ ಮಕ್ಕಳು ಲಿಟಲ್ ಲೀಗ್‌ನಲ್ಲಿ ಬೇಸ್‌ಬಾಲ್ ಆಡುತ್ತಾರೆ. ಬರಲಾಗದ ಕೆಲವರು ಕೇಳಿದ್ದರಿಂದ ಮಾತಾಡಿದ್ದನ್ನೇ ಬರೆದಿದ್ದೇನೆ. ಅಲ್ಲಿ ಪರದೆಯ ಮೇಲೆ ತೋರಿಸಿದ ವಿಡಿಯೋಗಳನ್ನು ಇಲ್ಲಿ ಮಾತಿನಲ್ಲೇ ಹೇಳಬೇಕು, ಹಾಗಾಗಿ ಕೆಲವು ಕಡೆ ಸ್ವಲ್ಪ ಉದ್ದವಾಗಿದೆ.

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ನಿಮಿಷ ಎಲ್ಲರೂ ಎದ್ದು ನಿಲ್ಲಿ. ಕೈಯಲ್ಲಿ ಚೆಂಡು ಇದೆ ಅಂದುಕೊಳ್ಳಿ. ಚಿಕ್ಕವರಿದ್ದಾಗ ಲಗೋರಿ ಆಡುವಾಗ ಎಸೆಯುತ್ತಿದ್ದಿರಲ್ವಾ, ಹಾಗೆ ಜೋರಾಗಿ ಒಂದು ಸಲ ಎಸೆಯಿರಿ. ಎಸೆದಿರಾ? ಈಗ ಹೇಳಿ: ನಿಮ್ಮ ಮುಂದಿನ ಕಾಲು ನೆಲ ಮುಟ್ಟಿದಾಗ ಚೆಂಡು ಹಿಡಿದ ಕೈ ಎಲ್ಲಿತ್ತು?

ಕೆಲವರು ತಲೆಯ ಮೇಲೆ ಅಂದಿರಿ. ಕೆಲವರು ಕಿವಿಯ ಪಕ್ಕ ಅಂದಿರಿ. ಹಿಂದಿನ ಸಾಲಿನಲ್ಲಿ ಒಬ್ಬರು ಸೊಂಟದ ಹತ್ತಿರ ಅಂದರು. ನೀವು ಎಸೆಯುವಾಗ ನಾನು ಈ ಫೋನಿನಲ್ಲಿ ಮುಂದಿನ ಸಾಲಿನ ಇಬ್ಬರನ್ನು ಸ್ಲೋ ಮೋಷನ್‌ನಲ್ಲಿ ಹಿಡಿದಿದ್ದೇನೆ. ನೋಡಿ. ಇವರು ಕೈ ತಲೆಯ ಮೇಲಿತ್ತು ಅಂದರು. ಕಾಲು ಇಲ್ಲಿ ನೆಲ ಮುಟ್ಟಿದೆ, ಕೈ ಇನ್ನೂ ತೊಡೆಯ ಹಿಂದೆ ಇದೆ. ಇವರು ಸುಳ್ಳು ಹೇಳಲಿಲ್ಲ. ಇವರ ಮೈಗೆ ಹಾಗೇ ಅನ್ನಿಸಿದೆ. ಅನ್ನಿಸಿದ್ದು ಒಂದು, ಆಗಿದ್ದು ಇನ್ನೊಂದು. ಈ ಎರಡರ ನಡುವಿನ ಅಂತರವನ್ನು ನೋಡೋಕೆ ವಿಡಿಯೋ ಬೇಕು. ನನ್ನ ಇವತ್ತಿನ ಮಾತು ಇಷ್ಟೇ, ಉಳಿದದ್ದೆಲ್ಲ ಅದರ ವಿವರ.

ನೋಡುವವರ ಕಣ್ಣಿಗೂ ಇದು ಕಾಣುವುದಿಲ್ಲ. ಓಡುವ ಕುದುರೆಯ ನಾಲ್ಕೂ ಗೊರಸು ಒಟ್ಟಿಗೆ ನೆಲ ಬಿಡುತ್ತವಾ ಇಲ್ಲವಾ ಅನ್ನುವುದು ಒಂದು ಕಾಲದಲ್ಲಿ ದೊಡ್ಡ ವಾದವಾಗಿತ್ತು. ಸಾವಿರಾರು ವರ್ಷ ಕುದುರೆ ಸಾಕಿದ ಮನುಷ್ಯನಿಗೂ ಅದು ಕಂಡಿರಲಿಲ್ಲ. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಡ್ಜ್ ಸಾಲಾಗಿ ಕ್ಯಾಮೆರಾ ಇಟ್ಟು ತೆಗೆದ ಫೋಟೋಗಳು ಆ ವಾದವನ್ನು ಮುಗಿಸಿದವು. ಆಮೇಲೆ ಅವರು ನಮ್ಮ ಪಕ್ಕದ ಫಿಲಡೆಲ್ಫಿಯಾಗೆ ಬಂದರು. 1880ರ ದಶಕದಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮನುಷ್ಯರು ನಡೆಯುವುದು, ಓಡುವುದು, ಮೆಟ್ಟಿಲು ಹತ್ತುವುದನ್ನೆಲ್ಲ ಹಾಗೇ ಸಾಲು ಸಾಲಾಗಿ ಹಿಡಿದರು. ಅದರಲ್ಲಿ ಬೇಸ್‌ಬಾಲ್ ಎಸೆಯುವವನೂ ಇದ್ದಾನೆ. ನಾವು ಇವತ್ತು ಫೋನಿನಲ್ಲಿ ಮಾಡುವ ಕೆಲಸಕ್ಕೆ 140 ವರ್ಷದ ಹಿಂದೆಯೇ ಇಲ್ಲೇ ಹತ್ತಿರದಲ್ಲಿ ಬುನಾದಿ ಬಿತ್ತು. ನನಗೆ ಇದು ತುಂಬಾ ಇಷ್ಟವಾದ ವಿಷಯ, ಅದಕ್ಕೇ ಹೇಳಿದೆ.

ಈಗ ಲೆಕ್ಕಕ್ಕೆ ಬರೋಣ. ಪಿಚರ್‌ನ, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನ, ಮುಂದಿನ ಕಾಲು ನೆಲ ಮುಟ್ಟಿದ ಮೇಲೆ ಚೆಂಡು ಕೈ ಬಿಡುವುದಕ್ಕೆ ಎಷ್ಟು ಹೊತ್ತು ಬೇಕು? ಸುಮಾರು 0.15 ಸೆಕೆಂಡ್. ನಿಮ್ಮ ಫೋನಿನ ಮಾಮೂಲಿ ವಿಡಿಯೋ ಸೆಕೆಂಡಿಗೆ 30 ಫ್ರೇಮ್, ಅಂದರೆ 30 ಚಿತ್ರ, ಹಿಡಿಯುತ್ತದೆ. ಅಂದರೆ ಇಡೀ ಪಿಚ್‌ನ (ಪಿಚರ್‌ನ ಒಂದು ಎಸೆತದ) ಮುಖ್ಯವಾದ ಭಾಗ ನಾಲ್ಕೈದು ಫ್ರೇಮ್‌ನಲ್ಲಿ ಮುಗಿದುಹೋಗುತ್ತದೆ. ಸೆಕೆಂಡಿಗೆ 240 ಫ್ರೇಮ್‌ನ ಸ್ಲೋ ಮೋಷನ್‌ನಲ್ಲಿ ಅದೇ ಹೊತ್ತಿಗೆ 36 ಫ್ರೇಮ್ ಸಿಗುತ್ತವೆ. ಐಫೋನ್‌ನಲ್ಲಿ ಈ ಸೌಲಭ್ಯ 2014ರಿಂದಲೇ ಇದೆ. ಈಗ ಎಷ್ಟೋ ಆಂಡ್ರಾಯ್ಡ್ ಫೋನುಗಳಲ್ಲೂ ಇದೆ. ಸುಮ್ನೆ ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದೇವೆ ಅಷ್ಟೇ.

ಇನ್ನೊಂದು ಲೆಕ್ಕ ಕೇಳಿ. ಎಸೆಯುವಾಗ ಭುಜ ಮೊದಲು ಹಿಂದಕ್ಕೆ ತಿರುಚಿಕೊಂಡು, ಆಮೇಲೆ ಮುಂದಕ್ಕೆ ತಿರುಗುತ್ತದೆ. ಆ ಮುಂದಿನ ತಿರುಗು ಒಳ್ಳೆಯ ಪಿಚರ್‌ಗಳಲ್ಲಿ ಸೆಕೆಂಡಿಗೆ ಸುಮಾರು 7,000 ಡಿಗ್ರಿ. ಮನುಷ್ಯನ ಮೈಯಲ್ಲಿ ಅಳತೆ ಮಾಡಿರುವ ಚಲನೆಗಳಲ್ಲಿ ಇಷ್ಟು ವೇಗವಾದದ್ದು ಬೇರೆ ಸಿಗುವುದು ಕಷ್ಟ. 30 ಫ್ರೇಮ್‌ನ ವಿಡಿಯೋದಲ್ಲಿ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಆ ವೇಗದಲ್ಲಿ 230 ಡಿಗ್ರಿ ದಾಟಬಹುದು. ಅಂದರೆ ಇಡೀ ಕಥೆ ಎರಡು ಚಿತ್ರಗಳ ನಡುವೆ ಕಳೆದುಹೋಯಿತು. 240ರಲ್ಲಿ ಅದು 29 ಡಿಗ್ರಿಗೆ ಇಳಿಯುತ್ತದೆ. ಇನ್ನೂ ಜಾಸ್ತಿನೇ, ಆದರೆ ಕಣ್ಣಿಗೆ ಹಿಡಿಯುತ್ತದೆ.

ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು ಅಂತ ಕೇಳಬಹುದು. ಉತ್ತರ ಮೊಣಕೈಯಲ್ಲಿದೆ. ಭುಜ ಹಿಂದಕ್ಕೆ ತಿರುಚಿಕೊಂಡಾಗ ಮೊಣಕೈಯ ಒಳಭಾಗ ಬಾಯಿ ತೆರೆಯುವ ಹಾಗೆ ಎಳೆಯಲ್ಪಡುತ್ತದೆ. ಅಲ್ಲಿ ಮೂಳೆಗೆ ಮೂಳೆ ಕಟ್ಟುವ ಒಂದು ಚಿಕ್ಕ ಲಿಗಮೆಂಟ್ ಇದೆ, ಅದು ಆ ಎಳೆತವನ್ನು ತಡೆಯುತ್ತದೆ. ದೊಡ್ಡವರಲ್ಲಿ ಅದು ಹರಿಯುತ್ತದೆ. 1974ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಎಡಗೈ ಪಿಚರ್ ಟಾಮಿ ಜಾನ್ ಅವರಿಗೆ ಹಾಗಾಯಿತು. ಡಾಕ್ಟರ್ ಫ್ರಾಂಕ್ ಜೋಬ್ ಅವರು ಬಲ ಮುಂಗೈಯಿಂದ ಸ್ನಾಯುವನ್ನು ಮೂಳೆಗೆ ಕಟ್ಟುವ ಒಂದು ಟೆಂಡನ್ ತೆಗೆದು ಎಡ ಮೊಣಕೈಗೆ ಹೆಣೆದರು. ಅದುವರೆಗೆ ಹಾಗೆ ಹರಿದರೆ ಆಟ ಮುಗೀತು ಅಂತಲೇ ಲೆಕ್ಕ. ಟಾಮಿ ಜಾನ್ 1976ರಲ್ಲಿ ವಾಪಸ್ ಬಂದು 1989ರವರೆಗೂ ಎಸೆದರು. ಆಪರೇಷನ್‌ಗೆ ಅವರ ಹೆಸರೇ ಬಂತು. ಮಕ್ಕಳ ವಿಷಯ ಸ್ವಲ್ಪ ಬೇರೆ. ಅವರ ಮೂಳೆಯ ತುದಿ ಇನ್ನೂ ಬೆಳೆಯುತ್ತಿರುತ್ತದೆ, ಅದು ಲಿಗಮೆಂಟ್‌ಗಿಂತ ಮೆತ್ತಗಿರುತ್ತದೆ. ಹಾಗಾಗಿ ಮೊದಲು ನೋಯುವುದು ಆ ಬೆಳೆಯುವ ಜಾಗ. ನಿಮ್ಮ ಮಗು ಮೊಣಕೈಯ ಒಳಗಡೆ ಬೆರಳಿಟ್ಟು ಇಲ್ಲಿ ನೋಯುತ್ತೆ ಅಂದರೆ ವಿಡಿಯೋ ಬೇಡ, ಅಭ್ಯಾಸ ಬೇಡ. ಎಸೆಯುವುದು ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ.

ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಅಮೆರಿಕನ್ ಸ್ಪೋರ್ಟ್ಸ್ ಮೆಡಿಸಿನ್ ಇನ್‌ಸ್ಟಿಟ್ಯೂಟ್ ಅಂತ ಒಂದು ಸಂಸ್ಥೆ ಇದೆ. ಡಾಕ್ಟರ್ ಜೇಮ್ಸ್ ಆಂಡ್ರ್ಯೂಸ್ ಶುರು ಮಾಡಿದ್ದು. ಅಲ್ಲಿ ಗ್ಲೆನ್ ಫ್ಲೈಸಿಗ್ ಮತ್ತು ಅವರ ಜೊತೆಗಾರರು ಮೈಗೆ ಹೊಳೆಯುವ ಚಿಕ್ಕ ಗುಂಡುಗಳನ್ನು ಅಂಟಿಸಿ, ಸುತ್ತಲೂ ವೇಗದ ಕ್ಯಾಮೆರಾ ಇಟ್ಟು, ದಶಕಗಳಿಂದ ಪಿಚರ್‌ಗಳನ್ನು ಅಳೆಯುತ್ತಿದ್ದಾರೆ. ಚಿಕ್ಕ ಮಕ್ಕಳಿಂದ ಹಿಡಿದು ವೃತ್ತಿಪರರವರೆಗೆ ಹೋಲಿಸಿ 1999ರಲ್ಲಿ ಅವರು ಹೇಳಿದ ಒಂದು ಮಾತನ್ನು ನಾವೆಲ್ಲ ತಿಳಿದಿರಬೇಕು. ವಯಸ್ಸು ಏರಿದ ಹಾಗೆ ಮೈಯ ಮೇಲೆ ಬೀಳುವ ಬಲ ಬಹಳ ಏರುತ್ತದೆ, ಆದರೆ ಒಳ್ಳೆಯ ಎಸೆತದ ಭಂಗಿಗಳು ಹೆಚ್ಚು ಬದಲಾಗುವುದಿಲ್ಲ. ಅಂದರೆ ಈಗ, ಬಲ ಕಡಿಮೆ ಇರುವಾಗ, ಸರಿಯಾಗಿ ಕಲಿತರೆ ಮುಂದೆ ಅದನ್ನು ಬಿಟ್ಟು ಬೇರೆ ಕಲಿಯಬೇಕಾಗಿಲ್ಲ.

ನನ್ನ ಮಗನ ವಿಷಯ ಹೇಳುತ್ತೇನೆ. ಅವನಿಗೆ ಆಗ ಹನ್ನೊಂದು ವರ್ಷ. ಚೆಂಡು ಮೇಲೆ ಮೇಲೆ ಹೋಗುತ್ತಿತ್ತು, ಬ್ಯಾಟರ್ ಹಿಂದೆ ಕೂತಿರುವ ಕ್ಯಾಚರ್ ಎದ್ದು ಎದ್ದು ಹಿಡಿಯುತ್ತಿದ್ದ. ಒಬ್ಬ ಕೋಚ್ ಮೊಣಕೈ ಮೇಲೆತ್ತು ಅಂದರು. ಇನ್ನೊಬ್ಬರು ಮಣಿಕಟ್ಟು ಜೋರಾಗಿ ಬಾಗಿಸು ಅಂದರು. ನಾನು ಕೈ ನೇರ ಮಾಡು ಅಂದೆ. ನಾನು ಕ್ರಿಕೆಟ್ ಆಡಿ ಬೆಳೆದವನು. ನಮಗೆ ಬೌಲಿಂಗ್‌ನಲ್ಲಿ ಬಗ್ಗಿದ ಮೊಣಕೈಯನ್ನು ಬಿಚ್ಚಿ ಎಸೆದರೆ ಅದು ತಪ್ಪು. ಇಲ್ಲಿ ಬಗ್ಗದಿದ್ದರೆ ಎಸೆತವೇ ಇಲ್ಲ. ಮುಂದಿನ ಕಾಲು ನೆಲ ಮುಟ್ಟುವಾಗ ಮೊಣಕೈ ಹೆಚ್ಚುಕಡಿಮೆ ಎಲ್ ಆಕಾರದಲ್ಲಿ ಬಗ್ಗಿರುತ್ತದೆ, ಆಮೇಲೆ ಚಾಟಿಯ ಹಾಗೆ ಬಿಚ್ಚಿಕೊಳ್ಳುತ್ತದೆ. ಈ ವ್ಯತ್ಯಾಸ ತಿಳಿಯದೆ ನಾನು ಒಂದಿಡೀ ಸೀಸನ್ ಅವನಿಗೆ ತಪ್ಪು ಮಾತು ಹೇಳಿದೆ. ಅದರ ಬಗ್ಗೆ ನನಗೆ ಈಗಲೂ ಬೇಜಾರಿದೆ.

ಒಂದು ಶನಿವಾರ ಫೋನನ್ನು ಟ್ರೈಪಾಡ್ ಮೇಲೆ ಇಟ್ಟು, 240 ಫ್ರೇಮ್‌ನಲ್ಲಿ ಹತ್ತು ಪಿಚ್ ತೆಗೆದೆ. ರಾತ್ರಿ ಊಟ ಆದ ಮೇಲೆ ಅಡುಗೆಮನೆ ಟೇಬಲ್ಲಿನಲ್ಲಿ ಇಬ್ಬರೂ ಕೂತೆವು. ನಾನು ಕೈಯನ್ನೇ ನೋಡುತ್ತಿದ್ದೆ. ಅವನು ಬೆರಳಿನಲ್ಲಿ ಒಂದೊಂದೇ ಫ್ರೇಮ್ ಮುಂದೆ ತಳ್ಳುತ್ತಾ, "ಅಪ್ಪಾ, ನನ್ನ ಶೂ ಇಲ್ಲಿ ಲ್ಯಾಂಡ್ ಆಯ್ತು" ಅಂದ. ಎಡಗಾಲಿನ ಶೂ ಕೆಳಗೆ ಮಣ್ಣು ಚಿಮ್ಮಿದ್ದು ಕಾಣುತ್ತಿತ್ತು. ಅದೇ ಫ್ರೇಮ್‌ನಲ್ಲಿ ಬಲಗೈ ನೋಡಿದೆವು. ಚೆಂಡು ಇನ್ನೂ ಬಲ ಪ್ಯಾಂಟಿನ ಹಿಂದಿನ ಜೇಬಿನ ಹತ್ತಿರ ಇತ್ತು, ಅಂಗೈ ಆಕಾಶಕ್ಕೆ. ಅದು ಅಷ್ಟು ಹೊತ್ತಿಗೆ ಮೇಲೆ ಬಂದು ತಲೆಯ ಎತ್ತರಕ್ಕೆ ಸಿದ್ಧವಾಗಿರಬೇಕಿತ್ತು. ಕಾಲು ಬಂದಾಯಿತು, ಸೊಂಟ ತಿರುಗೋಕೆ ಶುರುವಾಯಿತು, ಕೈ ಮಾತ್ರ ಬಸ್ ತಪ್ಪಿಸಿಕೊಂಡವರ ಹಾಗೆ ಹಿಂದೆ ಓಡಿ ಬರುತ್ತಿತ್ತು. ಮೈ ಮುಂದೆ ಹೋಗಿಬಿಟ್ಟಿದೆ, ಕೈ ತಡ. ಹಾಗಾಗಿ ಚೆಂಡನ್ನು ಬೇಗ ಬಿಡುತ್ತಿದ್ದ, ಅದು ಮೇಲೆ ಹೋಗುತ್ತಿತ್ತು. ಜೊತೆಗೆ ಆ ತಡ ಆದ ಕೈಯನ್ನು ಒಮ್ಮೆಲೇ ಎಳೆದು ತರುವ ಭಾರ ಪೂರ್ತಿ ಭುಜ ಮತ್ತು ಮೊಣಕೈಗೆ.

ಕೈ ಯಾಕೆ ತಡವಾಯಿತು? ಇನ್ನೂ ಹಿಂದಕ್ಕೆ ಹೋದೆವು. ಎಡ ಮಂಡಿ ಮೇಲೆತ್ತಿದ ಫ್ರೇಮ್‌ನಲ್ಲಿ ಎರಡೂ ಕೈ ಗ್ಲೌ ಒಳಗೆ, ಎದೆಯ ಹತ್ತಿರ. ಸರಿ. ಮಂಡಿ ಇಳಿಯಿತು, ಕೈ ಇನ್ನೂ ಗ್ಲೌನಲ್ಲಿ. ಕಾಲು ಮುಂದಕ್ಕೆ ಚಾಚಿತು, ಆಗಲೂ ಗ್ಲೌನಲ್ಲೇ. ನಾನು ಎಣಿಸಿದೆ. ಮಂಡಿ ಇಳಿಯೋಕೆ ಶುರುವಾದ ಮೇಲೆ 60ಕ್ಕೂ ಹೆಚ್ಚು ಫ್ರೇಮ್ ಅವನು ಚೆಂಡನ್ನು ಗ್ಲೌನಲ್ಲೇ ಇಟ್ಟುಕೊಂಡಿದ್ದ. ಅಂದರೆ ಕಾಲು ಸೆಕೆಂಡ್. ನಾವೆಲ್ಲ ಮೊಣಕೈ, ಮಣಿಕಟ್ಟು ಅಂತ ಹೇಳುತ್ತಿದ್ದೆವು. ತೊಂದರೆ ಇದ್ದದ್ದು ಕೈ ಗ್ಲೌ ಬಿಡುವ ಹೊತ್ತಿನಲ್ಲಿ. ಅವನಿಗೆ ಒಂದೇ ಮಾತು ಹೇಳಿದೆ: "ಪುಟ್ಟ, ಮಂಡಿ ಇಳಿಯುವಾಗಲೇ ಕೈ ಬಿಡಿಸು. ಮಂಡಿ, ಕೈ ಎರಡೂ ಜೊತೆಗೆ ಇಳೀಲಿ." ಮೊಣಕೈ ಬಗ್ಗೆ ಒಂದಕ್ಷರ ಹೇಳಲಿಲ್ಲ. ಮೂರು ವಾರ ಆಯಿತು ಅದು ಮೈಗೆ ಹತ್ತೋಕೆ. ಮೂರನೇ ವಾರದ ವಿಡಿಯೋದಲ್ಲಿ ಶೂ ನೆಲ ಮುಟ್ಟಿದ ಫ್ರೇಮ್‌ನಲ್ಲಿ ಚೆಂಡು ಅವನ ಟೋಪಿಯ ಎತ್ತರದಲ್ಲಿತ್ತು. ಮೊಣಕೈ ಯಾರೂ ಹೇಳದೆಯೇ ಭುಜದ ಎತ್ತರಕ್ಕೆ ಬಂದಿತ್ತು.

ಇದೇ ನಾನು ಈ ಎರಡು ವರ್ಷದಲ್ಲಿ ಕಲಿತದ್ದು. ತಪ್ಪು ಕಾಣುವ ಜಾಗ ಒಂದು, ಹುಟ್ಟುವ ಜಾಗ ಇನ್ನೊಂದು. ಕೈಯಲ್ಲಿ ಕಂಡರೆ ಕಾಲಿನಲ್ಲಿ ಹುಡುಕಬೇಕು. ಬಾರುಕೋಲು ಬೀಸಿದವರಿಗೆ ಗೊತ್ತು, ತುದಿ ಚಟೀರ್ ಅನ್ನಬೇಕಾದರೆ ಹಿಡಿ ಸರಿಯಾದ ಹೊತ್ತಿಗೆ ನಿಲ್ಲಬೇಕು. ತುದಿಯನ್ನು ಯಾರೂ ಕೈಯಲ್ಲಿ ಹಿಡಿದು ಬೀಸುವುದಿಲ್ಲ. ಪಿಚಿಂಗ್‌ನಲ್ಲಿ ಹಿಡಿ ಅಂದರೆ ಕಾಲು ಮತ್ತು ಸೊಂಟ.

ಹಾಗಾದರೆ ಏನು ನೋಡಬೇಕು ಅಂತ ಹೇಳುತ್ತೇನೆ. ಮೊದಲು ಶೂ ನೆಲ ಮುಟ್ಟಿದ ಫ್ರೇಮ್ ಹುಡುಕಿ, ಅಲ್ಲಿ ನಿಲ್ಲಿಸಿ. ಕೈ ಎಲ್ಲಿದೆ ನೋಡಿ. ಆಮೇಲೆ ಬೆಲ್ಟಿನ ಬಕಲ್ ನೋಡಿ, ಅಂಗಿಯ ಮೇಲಿನ ಟೀಮಿನ ಹೆಸರು ನೋಡಿ. ಬಲಗೈ ಪಿಚರ್ ಆದರೆ ಬಕಲ್ ಕ್ಯಾಚರ್ ಕಡೆ ತಿರುಗುತ್ತಿರಬೇಕು, ಟೀಮಿನ ಹೆಸರು ಇನ್ನೂ ಮೂರನೇ ಬೇಸ್ ಕಡೆಗೇ (ಕ್ಯಾಚರ್‌ಗೆ ಮುಖ ಮಾಡಿ ನಿಂತರೆ ಪಿಚರ್‌ನ ಬಲಕ್ಕೆ) ಇರಬೇಕು. ಸೊಂಟ ಮೊದಲು, ಭುಜ ಆಮೇಲೆ. ಒದ್ದೆ ಬಟ್ಟೆ ಹಿಂಡುವಾಗ ನಡುವೆ ಒಂದು ತಿರುಚು ಬರುತ್ತದಲ್ಲ, ಅದು. ವೇಗ ಆ ತಿರುಚಿನಲ್ಲಿದೆ. ಎರಡೂ ಒಟ್ಟಿಗೇ ತಿರುಗಿದರೆ ಕೈ ಒಂಟಿಯಾಗಿ ದುಡಿಯಬೇಕು. ಚಿಕ್ಕ ಮಕ್ಕಳಲ್ಲಿ ಬಹಳ ಸಲ ಕಾಣುವುದು ಇದೇ, ಅದಕ್ಕೆ ಬೈಯಬೇಡಿ. ಹೊಟ್ಟೆ, ಬೆನ್ನಿನ ಬಲ ಬೆಳೆದ ಹಾಗೆ ಅದು ಬರುತ್ತದೆ.

ಆಮೇಲೆ ಮುಂದಿನ ಮಂಡಿ. ನೆಲ ಮುಟ್ಟಿದಾಗ ಸ್ವಲ್ಪ ಬಗ್ಗಿರುತ್ತದೆ. ಅಲ್ಲಿಂದ ಚೆಂಡು ಬಿಡುವವರೆಗೆ ಅದು ಗಟ್ಟಿಯಾಗಿ ನಿಲ್ಲಬೇಕು, ಇಲ್ಲ ಸ್ವಲ್ಪ ನೇರ ಆಗಬೇಕು. ಇನ್ನೂ ಬಗ್ಗುತ್ತಾ ಮುಂದೆ ಕುಸಿದರೆ ಹಿಡಿ ನಿಲ್ಲಲಿಲ್ಲ ಅಂತ ಅರ್ಥ. ಕೊನೆಗೆ ಚೆಂಡು ಬಿಟ್ಟ ಮೇಲೆ ಕೈ ಹೇಗೆ ನಿಲ್ಲುತ್ತದೆ ನೋಡಿ. ಎದುರಿನ ಮಂಡಿಯ ಕಡೆಗೆ ಪೂರ್ತಿ ಬೀಸಿ ಹೋಗುತ್ತದಾ, ಇಲ್ಲ ಎದೆಯ ಮುಂದೆ ಗಕ್ಕನೆ ನಿಲ್ಲುತ್ತದಾ. ವೇಗ ಕೊಡುವಷ್ಟೇ ವೇಗ ಇಳಿಸುವುದೂ ಭುಜಕ್ಕೆ ದೊಡ್ಡ ಕೆಲಸ.

ಇಲ್ಲಿ ಒಂದು ವಿಷಯ ಸೇರಿಸುತ್ತೇನೆ. ಗಾಳಿಯಲ್ಲಿ ಬಾಗಿ ಹೋಗುವ ಕರ್ವ್ ಬಾಲ್ ಎಸೆಯುವವರು ಚೆಂಡು ಬಿಟ್ಟ ಮೇಲೆ ಕೈಯನ್ನು ಬಾಗಿಲ ಹಿಡಿ ತಿರುಗಿಸಿದ ಹಾಗೆ ಹೊರಗೆ ತಿರುಗಿಸುತ್ತಾರೆ ಅಂತ ಬಹಳ ಕಾಲ ಎಲ್ಲರೂ ನಂಬಿದ್ದರು, ಎಸೆಯುವವರೂ ಹಾಗೇ ಹೇಳುತ್ತಿದ್ದರು. ವೇಗದ ಕ್ಯಾಮೆರಾದಲ್ಲಿ ನೋಡಿದರೆ, ಯಾವ ಪಿಚ್ ಆದರೂ ಚೆಂಡು ಬಿಟ್ಟ ಮೇಲೆ ಅಂಗೈ ಹೊರಮುಖವಾಗಿ, ಹೆಬ್ಬೆರಳು ಕೆಳಗಾಗಿ ತಿರುಗುತ್ತದೆ. ಮೈಕ್ ಮಾರ್ಷಲ್ ಅಂತ ಒಬ್ಬ ಪಿಚರ್ ಇದ್ದರು. 1974ರಲ್ಲಿ ಒಂದೇ ಸೀಸನ್‌ನಲ್ಲಿ 106 ಪಂದ್ಯಗಳಲ್ಲಿ ಎಸೆದು ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದವರು. ಆ 106ನ್ನು ಇವತ್ತಿಗೂ ಯಾರೂ ದಾಟಿಲ್ಲ. ಅವರು ಮಿಷಿಗನ್ ಸ್ಟೇಟ್‌ನಲ್ಲಿ ಪಿಎಚ್‌ಡಿ ಮಾಡಿದವರು, ತಮ್ಮ ಎಸೆತವನ್ನೇ ಫಿಲ್ಮ್ ಮಾಡಿ ಓದಿದವರು. ಅಂಥ ಆಟಗಾರರಿಗೇ ತಮ್ಮ ಕೈ ಏನು ಮಾಡುತ್ತಿದೆ ಅಂತ ತಿಳಿಯೋಕೆ ಕ್ಯಾಮೆರಾ ಬೇಕಾಯಿತು.

ಈಗ ಫೋನ್ ಎಲ್ಲಿ ಇಡಬೇಕು. ಬಲಗೈ ಪಿಚರ್ ಆದರೆ ಮೂರನೇ ಬೇಸ್ ಕಡೆ, ಎಡಗೈ ಆದರೆ ಮೊದಲ ಬೇಸ್ ಕಡೆ, ಅಂದರೆ ಎದೆ ಕಾಣುವ ಕಡೆ. ಪಿಚರ್ ನಿಲ್ಲುವ ದಿಬ್ಬದಿಂದ, ಅಂದರೆ ಮೌಂಡ್‌ನಿಂದ, ಕ್ಯಾಚರ್‌ಗೆ ಒಂದು ಗೆರೆ ಎಳೆದಿದ್ದೀರಿ ಅಂದುಕೊಂಡರೆ ಫೋನ್ ಆ ಗೆರೆಗೆ ಸರಿಯಾಗಿ ಅಡ್ಡಕ್ಕೆ ಇರಬೇಕು. ಎತ್ತರ ಮಗುವಿನ ಸೊಂಟದಿಂದ ಎದೆಯ ನಡುವೆ. ಸ್ವಲ್ಪ ದೂರ ಹೋಗಿ ಜೂಮ್ ಮಾಡುವುದು ಒಳ್ಳೆಯದು, ತೀರಾ ಹತ್ತಿರ ಇಟ್ಟರೆ ಅಂಚಿನಲ್ಲಿ ಎಲ್ಲ ಓರೆಯಾಗಿ ಕಾಣುತ್ತದೆ. ಎರಡನೆಯದು ಹಿಂದಿನಿಂದ, ಪಿಚರ್ ಬೆನ್ನ ಹಿಂದೆ ಗೆರೆಯ ಮೇಲೇ. ಕಾಲು ನೇರ ಬೀಳುತ್ತದಾ, ಅಡ್ಡ ಬೀಳುತ್ತದಾ ಅಂತ ಅಲ್ಲಿಂದಲೇ ಗೊತ್ತಾಗುವುದು. ಎರಡೇ ಸಾಕು. ಮುಂದಿನಿಂದ ತೆಗೆಯಬೇಕಾದರೆ ಬಲೆಯ ಹಿಂದೆ ಮಾತ್ರ, ಚೆಂಡು ಬರುವ ದಾರಿಯಲ್ಲಿ ಯಾರೂ ನಿಲ್ಲಬಾರದು.

ತಂತಿ ಬೇಲಿಯ ಆಚೆಯಿಂದ ತೆಗೆಯುವವರು ಲೆನ್ಸ್ ಅನ್ನು ತೂತಿಗೆ ಸರಿಯಾಗಿ ಒತ್ತಿ ಇಡಿ, ಇಲ್ಲದಿದ್ದರೆ ಫೋಕಸ್ ತಂತಿಯ ಮೇಲೆ ಕೂರುತ್ತದೆ. ಪರದೆಯ ಮೇಲೆ ಮಗುವನ್ನು ಬೆರಳಿನಿಂದ ಒತ್ತಿ ಹಿಡಿದರೆ ಫೋಕಸ್ ಲಾಕ್ ಆಗುತ್ತದೆ. ಬೆಳಕು ಬಹಳ ಮುಖ್ಯ, ಫ್ರೇಮ್ ಎಷ್ಟಿದೆ ಅನ್ನುವುದಕ್ಕಿಂತ ಒಂದೊಂದು ಫ್ರೇಮ್ ಎಷ್ಟು ಹೊತ್ತು ಕಣ್ಣು ತೆರೆದಿರುತ್ತದೆ ಅನ್ನುವುದು ಇನ್ನೂ ಮುಖ್ಯ. ಗಂಟೆಗೆ 50 ಮೈಲಿ ಎಸೆಯುವ ಹುಡುಗನ ಕೈ ಚೆಂಡು ಬಿಡುವಾಗ ಸೆಕೆಂಡಿಗೆ ಸುಮಾರು 22 ಮೀಟರ್ ಹೋಗುತ್ತಿರುತ್ತದೆ. ಶಟರ್ 1/60 ಸೆಕೆಂಡ್ ತೆರೆದಿದ್ದರೆ ಅಷ್ಟರಲ್ಲಿ ಕೈ 37 ಸೆಂಟಿಮೀಟರ್ ಹೋಗಿರುತ್ತದೆ, ಚಿತ್ರದಲ್ಲಿ ಬರೀ ಹೊಗೆ. 1/2000 ಆದರೆ ಒಂದು ಸೆಂಟಿಮೀಟರ್ ಚಿಲ್ಲರೆ. ಬಿಸಿಲಿನಲ್ಲಿ ಫೋನ್ ತಾನೇ ಶಟರ್ ಬೇಗ ಮುಚ್ಚುತ್ತದೆ. ಹಾಗಾಗಿ ಮಧ್ಯಾಹ್ನ ಮೂರು ಗಂಟೆಗೆ ಹೊರಗೆ ತೆಗೆದ ಹತ್ತು ಪಿಚ್, ಒಳಾಂಗಣದಲ್ಲಿ ಟ್ಯೂಬ್‌ಲೈಟ್ ಕೆಳಗೆ ತೆಗೆದ ನೂರು ಪಿಚ್‌ಗಿಂತ ಎಷ್ಟೋ ವಾಸಿ. ಒಳಗೆ ಸ್ಲೋ ಮೋಷನ್ ತೆಗೆದರೆ ದೀಪ ಪಟಪಟ ಮಿನುಗುವುದೂ ಕಾಣುತ್ತದೆ. ಒಂದು ಎಚ್ಚರಿಕೆ, ಫೋನಿನ ಕ್ಯಾಮೆರಾ ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ. ತುಂಬಾ ವೇಗವಾಗಿ ಹೋಗುವ ಕೈ ಆಗ ಬಾಳೆಹಣ್ಣಿನ ಹಾಗೆ ಬಾಗಿ ಕಾಣಬಹುದು. ಅದು ಫೋನಿನ ಗುಣ, ಮಗುವಿನ ಮೂಳೆ ಸರಿಯಾಗಿಯೇ ಇದೆ.

ಕಂಪ್ಯೂಟರ್‌ನಲ್ಲಿ ನೋಡುವವರಿಗೆ ಕಿನೋವಿಯಾ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಎರಡು ವಿಡಿಯೋ ಪಕ್ಕಪಕ್ಕ ಇಟ್ಟು ಕಾಲು ನೆಲ ಮುಟ್ಟಿದ ಫ್ರೇಮಿಗೆ ಎರಡನ್ನೂ ಹೊಂದಿಸಬಹುದು. ಗೆರೆ ಎಳೆಯಬಹುದು, ಕೋನ ಅಳೆಯಬಹುದು. ಕೋನದ ಬಗ್ಗೆ ಮಾತ್ರ ಹುಷಾರು. ಒಂದು ಕ್ಯಾಮೆರಾದಲ್ಲಿ ಕಾಣುವುದು ನೆರಳಿನ ಕೋನ. ಕೈ ಕ್ಯಾಮೆರಾ ಕಡೆಗೋ ಆಚೆಗೋ ವಾಲಿದ್ದರೆ ಅಳತೆ ಸುಳ್ಳಾಗುತ್ತದೆ. ಮೊಣಕೈ 93 ಡಿಗ್ರಿ ಇದೆ, 90 ಇರಬೇಕಿತ್ತು ಅಂತ ಮಗುವಿಗೆ ಹೇಳುವುದರಲ್ಲಿ ಅರ್ಥ ಇಲ್ಲ. ಅಮೆರಿಕದ ಅತಿ ದೊಡ್ಡ ವೃತ್ತಿಪರ ಬೇಸ್‌ಬಾಲ್ ಆದ ಮೇಜರ್ ಲೀಗ್‌ನ ಮೈದಾನಗಳಲ್ಲಿ 2020ರಿಂದ ಹಾಕ್-ಐ ಇದೆ. ಹೌದು, ನಾವು ಕ್ರಿಕೆಟ್‌ನಲ್ಲಿ ಎಲ್‌ಬಿಡಬ್ಲ್ಯೂಗೆ ನೋಡುತ್ತೇವಲ್ಲ, ಅದೇ. ಒಂದೊಂದು ಮೈದಾನದ ಸುತ್ತ 12 ಕ್ಯಾಮೆರಾ. ಅಷ್ಟು ಕಡೆಯಿಂದ ನೋಡಿದರೆ ಮಾತ್ರ ಕೋನಕ್ಕೆ ಬೆಲೆ. ನಮ್ಮ ಒಂದು ಫೋನು ಹೊತ್ತನ್ನು ಚೆನ್ನಾಗಿ ಹೇಳುತ್ತದೆ, ಯಾವುದು ಮೊದಲು ಯಾವುದು ಆಮೇಲೆ ಅಂತ. ನಮಗೆ ಅಷ್ಟು ಸಾಕು.

ದೊಡ್ಡ ಆಟಗಾರರ ವಿಡಿಯೋ ಪಕ್ಕದಲ್ಲಿಟ್ಟು ಹೋಲಿಸುವುದರ ಬಗ್ಗೆ ಒಬ್ಬ ಮೇಡಂ ಕೇಳಿದರು. ಸುಮ್ನೆ ಖುಷಿಗೆ ನೋಡಿ, ಅಚ್ಚು ಮಾಡಿಕೊಳ್ಳಬೇಡಿ. ರಾಂಡಿ ಜಾನ್ಸನ್ 6 ಅಡಿ 10 ಇಂಚು. ಟಿಮ್ ಲಿನ್ಸೆಕಮ್ 5 ಅಡಿ 11 ಇಂಚು. ಇಬ್ಬರ ಎಸೆತಕ್ಕೂ ಒಂದಕ್ಕೊಂದು ಸಂಬಂಧವೇ ಇಲ್ಲ. ಲಿನ್ಸೆಕಮ್‌ಗೆ ಎಸೆಯುವುದನ್ನು ಕಲಿಸಿದ್ದು ಅವರ ಅಪ್ಪ. ಆ ಉದ್ದನೆಯ ಹೆಜ್ಜೆ, ಆ ತಿರುಚು ಎಲ್ಲ ಮನೆಯ ಪಾಠ. 2008, 2009 ಎರಡು ವರ್ಷ ಸಾಲಾಗಿ ಸೈ ಯಂಗ್ ಬಂತು. ಆಮೇಲೆ ವೇಗ ಇಳಿಯಿತು, 2015ರಲ್ಲಿ ಸೊಂಟದ ಆಪರೇಷನ್ ಆಯಿತು. ನಿಮ್ಮ ಮಗುವನ್ನು ಹೋಲಿಸಬೇಕಾದ ವಿಡಿಯೋ ಒಂದೇ, ಅದೇ ಮಗುವಿನ ಹೋದ ತಿಂಗಳಿನದು.

ಭಾರತದಿಂದ ಬಂದು ಯಾರಾದರೂ ಇಲ್ಲಿ ಪಿಚಿಂಗ್ ಮಾಡಿದ್ದಾರಾ ಅಂತ ಒಬ್ಬರು ಕೇಳಿದರು. ರಿಂಕು ಸಿಂಗ್, ದಿನೇಶ್ ಪಟೇಲ್. ಉತ್ತರ ಪ್ರದೇಶದ ಹುಡುಗರು, ಜಾವೆಲಿನ್ ಎಸೆಯುತ್ತಿದ್ದವರು. 2008ರಲ್ಲಿ ಒಂದು ಟಿವಿ ಸ್ಪರ್ಧೆಯಲ್ಲಿ ಗೆದ್ದು ಲಾಸ್ ಏಂಜಲೀಸ್‌ಗೆ ಬಂದರು. ಅಲ್ಲಿ ಆ ಇಬ್ಬರಿಗೆ ಕಲಿಸಿದ್ದು ಟಾಮ್ ಹೌಸ್. ಹೌಸ್ ತಾವೂ ಮೇಜರ್ ಲೀಗ್ ಪಿಚರ್ ಆಗಿದ್ದವರು, ಹೆಸರಾಂತ ಪಿಚರ್ ನೋಲನ್ ರಯಾನ್ ಇದ್ದಾಗ ಟೆಕ್ಸಸ್ ರೇಂಜರ್ಸ್ ತಂಡದ ಪಿಚಿಂಗ್ ಕೋಚ್ ಆಗಿದ್ದವರು. ಎಸೆತವನ್ನು ಕ್ಯಾಮೆರಾ ಮತ್ತು ಕಂಪ್ಯೂಟರ್‌ನಿಂದ ನೋಡುವುದನ್ನು ಬಹಳ ಮೊದಲೇ ಶುರು ಮಾಡಿದವರಲ್ಲಿ ಒಬ್ಬರು. ಬೇಸ್‌ಬಾಲ್ ಆಡಿಯೇ ಇರದ ಆ ಇಬ್ಬರನ್ನು ಅದೇ ವರ್ಷದ ನವೆಂಬರ್‌ನಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಸೇರಿಸಿಕೊಂಡಿತು. ಮೇಜರ್ ಲೀಗ್‌ವರೆಗೆ ಅವರು ಹೋಗಲಿಲ್ಲ. ಆದರೂ ಕೆಲವೇ ತಿಂಗಳಲ್ಲಿ ಅಷ್ಟು ಕಲಿತರಲ್ಲ, ನನಗೆ ಅದು ಸಣ್ಣದು ಅನ್ನಿಸುವುದಿಲ್ಲ.

ಮಕ್ಕಳಿಗೆ ಹೇಗೆ ತೋರಿಸಬೇಕು ಅನ್ನುವುದನ್ನು ನಾನು ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳುತ್ತೇನೆ. ಪಂದ್ಯದ ನಡುವೆ ತೋರಿಸಬೇಡಿ. ಕಾರಿನಲ್ಲಿ ವಾಪಸ್ ಬರುವಾಗ ತೋರಿಸಬೇಡಿ, ಆಗ ಮಗುವಿಗೆ ಹಸಿವಾಗಿರುತ್ತದೆ, ಸೋತಿದ್ದರೆ ಅಳು ಗಂಟಲಲ್ಲೇ ಇರುತ್ತದೆ. ಒಂದು ದಿನ ಬಿಡಿ. ತೋರಿಸುವ ಮೊದಲು ಕೇಳಿ, "ನಿಂಗೆ ಹೇಗನ್ನಿಸ್ತು?" ಅದು ಹೇಳಲಿ. ಆಮೇಲೆ ವಿಡಿಯೋ ಹಾಕಿ, ಫೋನ್ ಅದರ ಕೈಗೇ ಕೊಡಿ, ಫ್ರೇಮ್ ಅದೇ ತಳ್ಳಲಿ. ಒಂದು ಸಲಕ್ಕೆ ಒಂದೇ ವಿಷಯ. ನಿಮಗೆ ಐದು ತಪ್ಪು ಕಂಡಿರುತ್ತದೆ, ನಾಲ್ಕನ್ನು ನುಂಗಿಕೊಳ್ಳಿ. ಚೆನ್ನಾಗಿ ಎಸೆದ ಒಂದು ಪಿಚ್ ಕೂಡ ತೋರಿಸಿ, ಮೈ ಅದನ್ನೇ ಹಿಡಿದುಕೊಳ್ಳಬೇಕಲ್ವಾ. ನನ್ನ ಮಗ ಒಂದು ಸಲ, "ಅಪ್ಪಾ, ನೀನು ಬರೀ ಫೋನ್ ನೋಡ್ತೀಯಾ, ನಾನು ಸ್ಟ್ರೈಕ್ ಔಟ್ ಮಾಡಿದ್ದು ನೋಡಲೇ ಇಲ್ಲ" ಅಂದ. ಅವತ್ತಿನಿಂದ ನಾನು ತಿಂಗಳಿಗೆ ಎರಡೇ ಸಲ ವಿಡಿಯೋ ತೆಗೆಯುತ್ತೇನೆ, ಅದೂ ಅಭ್ಯಾಸದ ದಿನ ಮಾತ್ರ. ಪಂದ್ಯದ ದಿನ ಫೋನ್ ಬ್ಯಾಗಿನಲ್ಲಿ.

ಇನ್ನೊಂದು, ಎಷ್ಟೇ ಒಳ್ಳೆಯ ಎಸೆತ ಆದರೂ ಲೆಕ್ಕ ಮೀರಿದರೆ ಕೈ ನೋಯುತ್ತದೆ. ಸುಸ್ತಾದಾಗ ಎಲ್ಲ ಭಂಗಿಯೂ ಕೆಡುತ್ತದೆ. ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ 2014ರಲ್ಲಿ ಪಿಚ್ ಸ್ಮಾರ್ಟ್ ಅಂತ ಒಂದು ಪಟ್ಟಿ ಕೊಟ್ಟಿದ್ದಾರೆ. 9-10 ವರ್ಷಕ್ಕೆ ದಿನಕ್ಕೆ ಹೆಚ್ಚೆಂದರೆ 75 ಪಿಚ್, 11-12ಕ್ಕೆ 85, 13-14ಕ್ಕೆ 95. ಎಷ್ಟು ಎಸೆದರೆ ಎಷ್ಟು ದಿನ ವಿಶ್ರಾಂತಿ ಅಂತಲೂ ಇದೆ. ನಿಮ್ಮ ಮಗು ಎರಡು ಟೀಮಿಗೆ ಆಡುತ್ತಿದ್ದರೆ ಎರಡರದ್ದೂ ಕೂಡಿಸಿ ಲೆಕ್ಕ ಇಡುವವರು ನೀವೊಬ್ಬರೇ. ಆ ಕೋಚ್‌ಗೆ ಈ ಕೋಚ್‌ನದು ಗೊತ್ತಿರುವುದಿಲ್ಲ. ವಿಡಿಯೋಗಿಂತ ಮೊದಲು ಆ ಚೀಟಿ ಬರೆಯಿರಿ ಅಂತ ಕೈ ಮುಗಿದು ಕೇಳುತ್ತೇನೆ.

ಮಾತು ಮುಗಿದ ಮೇಲೆ ಪಾರ್ಕಿಂಗ್‌ನಲ್ಲಿ ಒಬ್ಬ ಹನ್ನೆರಡು ವರ್ಷದ ಹುಡುಗ ಅವನ ಅಪ್ಪನ ಜೊತೆ ಬಂದ. ಗ್ಲೌ ತಂದಿದ್ದ. "ಅಂಕಲ್, ನಂದೂ ವಿಡಿಯೋ ತೆಗೀತೀರಾ?" ಅಂದ. ನಿನ್ನೆ ಪಂದ್ಯದಲ್ಲಿ ಎಷ್ಟು ಎಸೆದೆ ಅಂತ ಕೇಳಿದೆ. 58 ಅಂದ. ಹಾಗಾದರೆ ಮೂರು ದಿನ ವಿಶ್ರಾಂತಿ, ಇವತ್ತು ಎಸೆಯುವ ಹಾಗಿಲ್ಲ ಅಂದೆ. ಮುಖ ಸಣ್ಣದಾಯಿತು. ಅವನ ಅಪ್ಪ ಆ ಪಂದ್ಯದ ಒಂದು ಮಾಮೂಲಿ ವಿಡಿಯೋ ತೆಗೆದಿದ್ದರು, 30 ಫ್ರೇಮ್‌ನದು. ಕೈ ಪೂರ್ತಿ ಹೊಗೆ. ಆದರೆ ಶೂ ಚೆನ್ನಾಗಿ ಕಾಣುತ್ತಿತ್ತು. ಕಾರಿನ ಬಾನೆಟ್ ಮೇಲೆ ಫೋನ್ ಇಟ್ಟು ಮೂವರೂ ಬಗ್ಗಿ ನೋಡಿದೆವು. ಒಂದು ಪಿಚ್‌ನಲ್ಲಿ ಎಡಗಾಲು ಗೆರೆಯ ಮೇಲೆ, ಮುಂದಿನದರಲ್ಲಿ ಅರ್ಧ ಅಡಿ ಎಡಕ್ಕೆ, ಅದರ ಮುಂದಿನದರಲ್ಲಿ ಇನ್ನೂ ಎಡಕ್ಕೆ. ಹುಡುಗನೇ ಕಂಡುಹಿಡಿದ. "ನಾನು ನೇರ ಇಡ್ತಿದ್ದೀನಿ ಅಂದ್ಕೊಂಡಿದ್ದೆ" ಅಂದ. ಭಾನುವಾರ, ಸೋಮವಾರ, ಮಂಗಳವಾರ ಅಂತ ಬೆರಳಿನಲ್ಲಿ ಎಣಿಸಿದ. ಬುಧವಾರ ಸಂಜೆ ಐದೂವರೆಗೆ ಮೈದಾನಕ್ಕೆ ಬರೋಕೆ ಹೇಳಿದ್ದೇನೆ, ಆಗ ಬಿಸಿಲು ಇನ್ನೂ ಇರುತ್ತದೆ.